ಉಸಿರು ಹಿಡಿದು ಹುಬ್ಬಳ್ಳಿಯ ದಾರಿಯಲ್ಲಿ

ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನವಲಗುಂದ ತಾಲೂಕಿನ ಒಂದು ಹಳ್ಳಿ. ಮಳೆ ಹಿಡಿದಿದೆ. ಎರೆಮಣ್ಣು ಕಾಲಿಟ್ಟರೆ ಬಿಡೋದಿಲ್ಲ. ಬೆಣ್ಣೆಹಳ್ಳ ತುಂಬಿ ಹರಿಯುತ್ತಿದೆ. ದಿನ ತುಂಬುವ ಮೊದಲೇ ಹೆರಿಗೆಯಾಗಿದೆ. ಕೂಸು ಜೋರಾಗಿ ಅಳುತ್ತಿಲ್ಲ, ನರಳುತ್ತಿದೆ. ಪ್ರತಿ ಸಲ ಉಸಿರು ಬಿಡುವಾಗಲೂ ‘ಹುಂ... ಹುಂ...’ ಅನ್ನೋ ಸದ್ದು. ಮನೆಯ ಅಜ್ಜಿ ನೋಡಿದ ಕೂಡಲೇ ಹೇಳುತ್ತಾಳೆ: ‘ಕೂಸಿಗೆ ದಮ್ಮ ಹತ್ತೈತಿ, ಪಕ್ಕಿ ಒಳಗ ಹೋಗಾಕತ್ತಾವ. ಲಗೂನ ಹುಬ್ಬಳ್ಳಿಗೆ ಒಯ್ರೀ.’

ನವಲಗುಂದದಿಂದ ಹುಬ್ಬಳ್ಳಿಗೆ ಸುಮಾರು 35 ಕಿಲೋಮೀಟರ್. ಅಣ್ಣಿಗೇರಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಕಲಘಟಗಿ, ಕುಂದಗೋಳ ಇನ್ನೂ ಹತ್ತಿರ. ಬಸ್ಸಿನಲ್ಲಿ ಕೂತವರಿಗೆ ಇದೊಂದು ದೂರವೇ ಅಲ್ಲ. ಸಂತೆಗೆ ಹೋಗಿ ಸಂಜೆ ಮನೆಗೆ ಬರ್ತೀವಿ. ಆದರೆ ಉಸಿರಾಡೋಕೆ ಒದ್ದಾಡುತ್ತಿರುವ ಒಂದೂವರೆ ಕೆ.ಜಿ. ಕೂಸಿಗೆ ಅದು ಎಷ್ಟು ದೂರ? ಇವತ್ತು ನಾನು ಹೇಳಬೇಕು ಅಂತಿರೋದು ಆ 35 ಕಿಲೋಮೀಟರಿನ ಚರಿತ್ರೆ.

ಇದು ಬಡವರ ಕಥೆ, ಹಳ್ಳಿಯ ಕಥೆ ಅಂದುಕೊಳ್ಳಬೇಡಿ. 1963ರ ಆಗಸ್ಟ್ 7. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅವರಿಗೆ ಒಬ್ಬ ಮಗ ಹುಟ್ಟಿದ. ಹೆಸರು ಪ್ಯಾಟ್ರಿಕ್. ಐದೂವರೆ ವಾರ ಮೊದಲೇ ಹುಟ್ಟಿದ್ದ. ತೂಕ ಸುಮಾರು 2.1 ಕೆ.ಜಿ. ಇವತ್ತು ನಮ್ಮ ಊರಿನ ಆಸ್ಪತ್ರೆಗಳಲ್ಲಿ ಆ ತೂಕದ ಮಕ್ಕಳು ಎಷ್ಟೋ ಬದುಕಿ ಮನೆಗೆ ಹೋಗ್ತಾವೆ. ಆದರೆ ಜಗತ್ತಿನ ಅತ್ಯಂತ ಪ್ರಬಲ ಮನುಷ್ಯನ ಮಗ 39 ಗಂಟೆ ಬದುಕಿ ತೀರಿಕೊಂಡ. ದುಡ್ಡಿಗೆ ಕೊರತೆ ಇರಲಿಲ್ಲ, ಡಾಕ್ಟರುಗಳಿಗೆ ಕೊರತೆ ಇರಲಿಲ್ಲ. ಹೆಚ್ಚು ಒತ್ತಡದ ಆಮ್ಲಜನಕದ ಕೋಣೆಯೊಳಗೂ ಇಟ್ಟು ನೋಡಿದರು. ಆ ಪುಟ್ಟ ಶ್ವಾಸಕೋಶವನ್ನು ತೆರೆದಿಡುವ ಉಪಾಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ರೋಗ ಏನು ಅಂತ ಗೊತ್ತಿತ್ತು. ಹೊಸ ಬಲೂನು ಊದಿ ನೋಡಿದ್ದೀರಲ್ಲ? ಮೊದಲ ಉಸಿರಿಗೆ ಗಲ್ಲ ನೋವು ಬರುತ್ತೆ. ಸ್ವಲ್ಪ ಊದಿಕೊಂಡ ಮೇಲೆ ಸಲೀಸು. ನಮ್ಮ ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಒಳಗೆ ಸಾಬೂನಿನ ನೊರೆಯಂಥ ಒಂದು ತೆಳು ಲೇಪ ಇರುತ್ತೆ. ಅದು ಇರೋದರಿಂದಲೇ ಉಸಿರು ಬಿಟ್ಟಾಗ ಚೀಲ ಪೂರ್ತಿ ಮುಚ್ಚಿಕೊಳ್ಳೋದಿಲ್ಲ. ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ ಆ ಲೇಪ ಸಾಕಷ್ಟು ಇರೋದಿಲ್ಲ ಅಂತ 1959ರಲ್ಲೇ ಮೇರಿ ಎಲೆನ್ ಏವರಿ ಎಂಬ ವೈದ್ಯೆ ತೋರಿಸಿಕೊಟ್ಟಿದ್ದರು. ಅಂದರೆ ಆ ಕೂಸು ಪ್ರತಿ ಉಸಿರಿಗೂ ಹೊಸ ಬಲೂನು ಊದಬೇಕು. ಎಷ್ಟು ಹೊತ್ತು ಊದೀತು? ಸುಸ್ತಾಗಿ ನಿಲ್ಲಿಸಿಬಿಡುತ್ತೆ. ಮೂಗಿನ ಹತ್ತಿರ ಬರೀ ಆಮ್ಲಜನಕ ಹಿಡಿದರೆ ಇದಕ್ಕೆ ಪೂರ್ತಿ ಪರಿಹಾರ ಆಗೋದಿಲ್ಲ. ಬಾಗಿಲೇ ಮುಚ್ಚಿದ ಮನೆಗೆ ಅಂಗಳದಲ್ಲಿ ನೆಂಟರು ನಿಂತ ಹಾಗೆ.

ಹಾಗಾದರೆ ಉಪಾಯ ಹೊಳೆದದ್ದು ಎಲ್ಲಿಂದ? ಆ ‘ಹುಂ... ಹುಂ...’ ಸದ್ದಿನಿಂದಲೇ! ನರಳುವ ಕೂಸು ಏನು ಮಾಡುತ್ತೆ ಗೊತ್ತಾ? ಉಸಿರು ಬಿಡುವಾಗ ಗಂಟಲನ್ನು ಅರ್ಧ ಮುಚ್ಚಿ ಒಳಗೆ ಸ್ವಲ್ಪ ಗಾಳಿ ಉಳಿಸಿಕೊಳ್ಳುತ್ತೆ. ಚೀಲ ಮುಚ್ಚಿಕೊಳ್ಳದಿರಲಿ ಅಂತ. ಕುಂದಗೋಳ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡವರು. ಉಸಿರನ್ನು ಒಮ್ಮೆಲೇ ಚೆಲ್ಲಬಾರದು, ಹಿಡಿದು ಹಿಡಿದು ಬಿಡಬೇಕು ಅನ್ನೋದು ಹಾಡುವವರು ವರ್ಷಗಟ್ಟಲೆ ಕಲಿಯುವ ವಿದ್ಯೆ. ಅದನ್ನು ಯಾರೂ ಕಲಿಸದ ಒಂದು ಎಳೆಗೂಸು ಜೀವ ಉಳಿಸಿಕೊಳ್ಳೋಕೆ ತಾನೇ ಮಾಡುತ್ತೆ. ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಎಂಬ ವೈದ್ಯ ಈ ನರಳಿಕೆಯ ಗುಟ್ಟು ಹಿಡಿದರು. ಕೂಸು ಮಾಡುತ್ತಿರುವ ಕೆಲಸವನ್ನೇ ಯಂತ್ರ ಮಾಡಲಿ, ಗಾಳಿಯ ಹದವಾದ ಒತ್ತಡ ಸತತವಾಗಿ ಇರಲಿ. 1971ರಲ್ಲಿ ಅವರ ವರದಿ ಪ್ರಕಟವಾಯಿತು. ಅತಿ ಗಂಭೀರ ಸ್ಥಿತಿಯಲ್ಲಿದ್ದ 20 ಕೂಸುಗಳಲ್ಲಿ 16 ಬದುಕಿದ್ದವು. ಇವತ್ತು ಡಾಕ್ಟರುಗಳು ‘ಸಿಪ್ಯಾಪ್’ ಅಂತ ಕರೆಯೋದು ಇದನ್ನೇ. ಅದರ ಒಂದು ಸರಳ ರೂಪ ಎಷ್ಟು ಸರಳ ಅಂದರೆ, ಉಸಿರು ಹೊರಗೆ ಬರುವ ಕೊಳವೆಯ ತುದಿಯನ್ನು ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿಸಿದರೆ ಅಷ್ಟೇ ಒತ್ತಡ ಒಳಗೆ ಉಳಿಯುತ್ತೆ. ನೀರಿನಲ್ಲಿ ಗುಳ್ಳೆ ಬರ್ತಾ ಇದ್ದರೆ ಯಂತ್ರ ನಡೀತಿದೆ ಅಂತ ಲೆಕ್ಕ.

ಈ 1971ನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಯಾಕಂದ್ರೆ ಉಸಿರು ಕೊಡೋದು ಅರ್ಧ ಕೆಲಸ. ಒಳಗೆ ಏನಾಗಿದೆ ಅಂತ ಕೊಯ್ಯದೆ ನೋಡೋದು ಇನ್ನರ್ಧ. ಅದೇ ವರ್ಷದ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ಸಲ ಒಬ್ಬ ರೋಗಿಯ ಮೆದುಳಿನ ಚಿತ್ರ ತೆಗೆಯಿತು. ಅದೇ ಸಿ.ಟಿ. ಸ್ಕ್ಯಾನ್. ಮತ್ತೆ ಅದೇ ವರ್ಷ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಒಂದು ಪ್ರಬಂಧ ಪ್ರಕಟಿಸಿದರು. ಸುತ್ತಲಿಂದ ತೆಗೆದ ಎಕ್ಸ್‌ರೇ ನೆರಳುಗಳನ್ನು ಜೋಡಿಸಿ ಒಳಗಿನ ನಿಜವಾದ ಚಿತ್ರ ಕಟ್ಟೋದು ಹೇಗೆ, ಕಡಿಮೆ ಲೆಕ್ಕದಲ್ಲಿ, ಬೇಗ ಕಟ್ಟೋದು ಹೇಗೆ ಅನ್ನೋ ಗಣಿತ ಅದು. ಇವತ್ತಿಗೂ ಸ್ಕ್ಯಾನ್ ವಿದ್ಯೆ ಓದುವವರ ಪುಸ್ತಕದಲ್ಲಿ ‘ರಾಮ್-ಲ್ಯಾಕ್ ಫಿಲ್ಟರ್’ ಅಂತ ಅವರಿಬ್ಬರ ಹೆಸರು ಇದೆ. 1979ರಲ್ಲಿ ಸಿ.ಟಿ. ಸ್ಕ್ಯಾನಿಗೆ ನೊಬೆಲ್ ಬಂತು, ಹೌನ್ಸ್‌ಫೀಲ್ಡ್ ಮತ್ತು ಕೊರ್ಮಾಕ್ ಅವರಿಗೆ. ಅವರಿಗೆ ಬರಬೇಕಾದ್ದೇ, ಅದರಲ್ಲಿ ತಕರಾರಿಲ್ಲ. ನನ್ನ ಹೊಟ್ಟೆಕಿಚ್ಚು ಪ್ರಶಸ್ತಿಯದ್ದಲ್ಲ. ಗಣಿತ ಬೆಂಗಳೂರಿನಲ್ಲಿ ಹುಟ್ಟಿತು, ಯಂತ್ರ ಮಾತ್ರ ಹೊರಗಿನಿಂದ ದುಡ್ಡು ಕೊಟ್ಟು ತರಿಸಬೇಕಾಯಿತು. ಬುದ್ಧಿ ನಮ್ಮದು, ಬಿಲ್ಲೂ ನಮ್ಮದು!

ಹೊರಗಿನಿಂದ ಬಂದ ಯಂತ್ರದ ತೊಂದರೆ ಬರೀ ಬೆಲೆಯಲ್ಲ ಸ್ವಾಮಿ. ಅದು ತಾನು ಹುಟ್ಟಿದ ಊರಿನ ಹಾಗೆ ಯೋಚನೆ ಮಾಡುತ್ತೆ. ಕರೆಂಟು ಹೋಗೋದಿಲ್ಲ, ಗೋಡೆಯೊಳಗಿಂದ ಗಾಳಿ ಬರುತ್ತೆ, ಪಕ್ಕದಲ್ಲಿ ತಜ್ಞ ವೈದ್ಯರು ನಿಂತಿರ್ತಾರೆ ಅಂತ ನಂಬಿಕೊಂಡಿರುತ್ತೆ. ಅಣ್ಣಿಗೇರಿಯ ರಸ್ತೆಯಲ್ಲಿ ಓಡುವ ಆಂಬುಲೆನ್ಸ್ ಅದರ ಕನಸಿನಲ್ಲೂ ಬಂದಿರೋದಿಲ್ಲ.

ಈ ತಿರುವು ಬಂದದ್ದು ತೀರಾ ಈಚೆಗೆ. ಬೆಂಗಳೂರಿನ ಕೋಯೋ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ. ನಿತೇಶ್ ಜಾಂಗಿಡ್, ನಚಿಕೇತ್ ದೇವಲ್ ಎಂಬ ಯುವಕರು. ಆಸ್ಪತ್ರೆಗಳಲ್ಲಿ ಏನು ಕೊರತೆ ಅಂತ ನೋಡುತ್ತ ಹೋದವರಿಗೆ ಕಂಡದ್ದು ಇದೇ ಸಂಗತಿ: ದೊಡ್ಡಾಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಕೂಸುಗಳ ಜೀವ ಹೋಗ್ತಿದೆ. ಅವರು ಕಟ್ಟಿದ ಯಂತ್ರದ ಹೆಸರು ‘ಸಾಂಸ್’, ಅಂದರೆ ಹಿಂದಿಯಲ್ಲಿ ಉಸಿರು. ಕರೆಂಟಿದ್ದರೆ ಕರೆಂಟು, ಇಲ್ಲದಿದ್ದರೆ ಬ್ಯಾಟರಿ, ಅದೂ ಇಲ್ಲದಿದ್ದರೆ ಸಿಲಿಂಡರಿನ ಗಾಳಿ, ಯಾವುದೂ ಇಲ್ಲದಿದ್ದರೆ ಕೈಯಿಂದ ಒತ್ತುವ ಪಂಪು! ಓಡುವ ವಾಹನದಲ್ಲೂ ನಡೆಯಬೇಕು ಅನ್ನೋದು ಮೊದಲ ಷರತ್ತು. 2019ರಲ್ಲಿ ಜಾಂಗಿಡ್ ಅವರಿಗೆ ಇದಕ್ಕಾಗಿ ಕಾಮನ್‌ವೆಲ್ತ್ ಪ್ರಧಾನ ಕಾರ್ಯದರ್ಶಿಯ ನಾವೀನ್ಯ ಪ್ರಶಸ್ತಿ ಬಂತು.

ಕೈಪಂಪು ಅಂದ ಕೂಡಲೇ ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಅಪ್ಪಳಿಸಿತು. ಉಸಿರಾಟದ ಯಂತ್ರಗಳು ಬೆರಳೆಣಿಕೆ. ಮೊದಲ ವಾರಗಳಲ್ಲಿ ಯಂತ್ರಕ್ಕೆ ಹಾಕಿದ 31 ರೋಗಿಗಳಲ್ಲಿ 27 ಜನ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ 12 ವರ್ಷದ ಒಬ್ಬ ಹುಡುಗಿಯ ಗಂಟಲಲ್ಲಿ ತೂತು ಮಾಡಿ, ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟು ಬದುಕಿಸಿದರು. ಆಮೇಲೆ ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಕೂತು ಚೀಲ ಒತ್ತಿದರು. ಇವತ್ತಿನ ಐಸಿಯು ಹುಟ್ಟಿದ್ದು ಆ ಹುಡುಗರ ಕೈಯಲ್ಲಿ. ಯಂತ್ರ ಸಾಲದಿದ್ದಾಗ ಕಲಿತ ಕೈ ಸಾಕಾಯಿತು. ಆದರೆ ಕಲಿಯದ ಕೈಯಲ್ಲಿ ಯಂತ್ರ ಇದ್ದರೆ? ಅದಕ್ಕೂ ಚರಿತ್ರೆಯಲ್ಲಿ ಉತ್ತರ ಇದೆ. 1940-50ರ ದಶಕಗಳಲ್ಲಿ ಆಮ್ಲಜನಕ ಎಷ್ಟು ಕೊಟ್ಟರೂ ಒಳ್ಳೇದೇ ಅಂದುಕೊಂಡು, ಅವಧಿಗೆ ಮುನ್ನ ಹುಟ್ಟಿದ ಸಾವಿರಾರು ಮಕ್ಕಳು ಕಣ್ಣು ಕಳೆದುಕೊಂಡರು.

ಚಿತ್ರ ತೆಗೆಯುವ ಯಂತ್ರಗಳಿಗೂ ಈ ಎಚ್ಚರ ಬೇಕು. ನಮ್ಮ ಹಳ್ಳಿಗಳಲ್ಲಿ ಎದೆಯಲ್ಲಿ ಗಂಟು ಕಂಡರೂ ‘ಹೆಂಗ ತೋರಸೂದವ್ವಾ’ ಅಂತ ಸುಮ್ಮನಾಗುವ ಹೆಣ್ಣುಮಕ್ಕಳಿದ್ದಾರೆ. ಅಂಥವರಿಗಾಗಿ ಮುಟ್ಟದೆ, ನೋಯಿಸದೆ, ಮೈಯ ಬಿಸಿಯನ್ನು ಕ್ಯಾಮೆರಾದಲ್ಲಿ ಹಿಡಿದು ಕಂಪ್ಯೂಟರಿನಿಂದ ಓದಿಸುವ ವಿಧಾನವನ್ನು ಬೆಂಗಳೂರಿನಲ್ಲಿ ಗೀತಾ ಮಂಜುನಾಥ್ ಅವರ ‘ನಿರಾಮಯ್’ ಕಂಪನಿ ಬೆಳೆಸಿದೆ. ಒಳ್ಳೆಯ ಪ್ರಯತ್ನ. ಆದರೆ ಬಿಸಿಯ ಚಿತ್ರದ ಹಿಂದೆ ಒಂದು ಹಳೇ ಪಾಠವೂ ಇದೆ. 1956ರಲ್ಲಿ ಕೆನಡಾದ ರೇ ಲಾಸನ್ ಇದನ್ನು ಮೊದಲು ತೋರಿಸಿದಾಗ ದೊಡ್ಡ ಆಸೆ ಹುಟ್ಟಿತ್ತು. ಆಮೇಲಿನ ಪರೀಕ್ಷೆಗಳಲ್ಲಿ ಆ ಆಸೆ ಕುಸಿಯಿತು. ಬರೀ ಬಿಸಿಯ ಚಿತ್ರ ಮ್ಯಾಮೊಗ್ರಾಮ್‌ಗೆ ಬದಲಿ ಅಲ್ಲ ಅಂತ ಅಮೆರಿಕದ ಔಷಧ ನಿಯಂತ್ರಕರು ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಾಗಿ ಶಿಬಿರದಲ್ಲಿ ಏನೂ ಇಲ್ಲ ಅಂದರು ಅಂತ ಗಂಟನ್ನು ಮರೆಯಬೇಡಿ. ಗಂಟು ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಯಂತ್ರ ಮಾಡೋ ತಾಕತ್ತು ನಮಗಿಲ್ಲ ಅನ್ನೋ ಮಾತು 2020ಕ್ಕೇ ಮುಗೀತು. ಕೊರೋನಾ ಬಂದಾಗ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ, ಡಿಆರ್‌ಡಿಒ ನೆರವು, ಬೆಂಗಳೂರಿನ ಬಿಇಎಲ್ ಕಾರ್ಖಾನೆ ಸೇರಿ 30,000 ವೆಂಟಿಲೇಟರ್ ತಯಾರಾದವು. ಮರುವರ್ಷ ಎರಡನೇ ಅಲೆಯಲ್ಲಿ ನಾವೇ ಓದಿದ ಸುದ್ದಿ ಏನು? ದೇಶದ ಎಷ್ಟೋ ಕಡೆ ವೆಂಟಿಲೇಟರ್‌ಗಳು ಬಳಕೆಯಾಗದೆ ಬಿದ್ದಿವೆ. ಕೆಲವು ಕೆಟ್ಟಿವೆ ಅಂತ ದೂರು. ಇನ್ನು ಕೆಲವನ್ನು ನಡೆಸುವವರೇ ಇಲ್ಲ.

ನೋಡಿ, ಹುಬ್ಬಳ್ಳಿಯಲ್ಲಿ 1957ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಕಿಮ್ಸ್ ಅಂದರೆ ಸುತ್ತಲಿನ ಜಿಲ್ಲೆಗಳಿಗೆಲ್ಲ ಗೊತ್ತು. 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಇದೆ. ಬೆಂಗಳೂರಿನಲ್ಲಿ ಯಂತ್ರ ಕಂಡುಹಿಡಿದವರಿದ್ದಾರೆ. ಎಲ್ಲವೂ ಇದೆ. ಇವುಗಳ ನಡುವೆ ಆ 35 ಕಿಲೋಮೀಟರೂ ಹಾಗೇ ಇದೆ.

ಮುಂದಿನ ಸಲ ಶಾಸಕರು ಊರಿಗೆ ಬಂದಾಗ ರಸ್ತೆ ಕೇಳಿ, ನೀರು ಕೇಳಿ, ಬೆಳೆ ವಿಮೆ ಕೇಳಿ. ಜೊತೆಗೆ ಇದೊಂದನ್ನೂ ಕೇಳಿ: ‘ಸಾಹೇಬ್ರ, ನಮ್ಮ ತಾಲೂಕು ದವಾಖಾನ್ಯಾಗ ಕೂಸಿಗೆ ಉಸಿರು ಕೊಡೋ ಮಷೀನ್ ಐತೇನ್ರಿ? ಗಾಡಿಯೊಳಗ ಐತೇನ್ರಿ? ರಾತ್ರಿ ಎರಡಕ್ಕ ಅದನ್ನ ನಡಸಾಕ ಕಲತ ನರ್ಸು ಇರ್ತಾರೇನ್ರಿ?’

ಮೂರಕ್ಕೂ ಹೌದು ಅನ್ನೋ ಉತ್ತರ ಬರೋತನಕ ಕೇಳ್ತಾನೇ ಇರಿ. ನಾವೂ ಕೇಳ್ತೀವಿ.