ನಗರ ಸೀಮೆಯ ವಾಸ್ತುವಿನಲ್ಲಿ ಕೈ ಮತ್ತು ಯಂತ್ರ

ಗಣಕಯಂತ್ರದ ಆಣತಿಯಂತೆ ಮರವನ್ನು ಕೊರೆಯುವ ಸಿ.ಎನ್.ಸಿ. ಯಂತ್ರಗಳು ಇಂದು ಕರ್ನಾಟಕದ ಮರಗೆಲಸದ ಕಾರ್ಖಾನೆಗಳನ್ನು ಪ್ರವೇಶಿಸಿವೆ. ಬಾಗಿಲುವಾಡ, ದೇವರ ಮಂಟಪಗಳ ಹೂಬಳ್ಳಿಗಳನ್ನು ಅವು ಬಿಡಿಸತೊಡಗಿರುವಾಗ, ಸಾಗರ-ಸೊರಬಗಳ ಗುಡಿಗಾರರ ಉಳಿಗೆ ಇನ್ನಾವ ಕೆಲಸ ಉಳಿಯಿತೆಂಬ ಪ್ರಶ್ನೆ ಏಳುವುದು ಸಹಜ. ಆದರೆ ಕೈಗೂ ಯಂತ್ರಕ್ಕೂ ಇರುವ ಈ ಸಂಬಂಧ ಮಲೆನಾಡಿನ ವಾಸ್ತುವಿಗೆ ಹೊಸತಲ್ಲ. ಅದರ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಸಾಗರದ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯವಿದೆ. ಕಲ್ಯಾಣ ಚಾಳುಕ್ಯರ ಕಾಲದ ಈ ಗುಡಿಯ ಕಂಬಗಳು ತಿರುಗಣೆಯಲ್ಲಿ ಕಡೆದವು. ಇಂತಹ ಕಂಬಗಳ ಮೈಮೇಲಿನ ಸಮಕೇಂದ್ರೀಯ ಗೆರೆಗಳೇ ಇದಕ್ಕೆ ಸಾಕ್ಷಿ. ಕಂಬವನ್ನು ತಿರುಗಿಸಿದ ವಿಧಾನದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು, ತಿರುಗಿಸಿದರೆಂಬುದರಲ್ಲಿ ಇಲ್ಲ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಕ್ರಮೇಣ ಗಡಸಾಗುವ ಬಳಪದ ಕಲ್ಲು ಈ ಕೆಲಸಕ್ಕೆ ಅನುಕೂಲವಾಯಿತು.

ಅಂದಿನ ಶ್ರಮವಿಭಾಗ ಗಮನಾರ್ಹವಾದುದು. ದುಂಡಾದ ಭಾಗ ತಿರುಗಣೆಯ ಪಾಲು; ಚೌಕ ಪೀಠ, ಬಳ್ಳಿ, ವಿಗ್ರಹಗಳು ಉಳಿಯ ಪಾಲು. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವಾಲಯದಲ್ಲಿಯೂ ಇದೇ ಕ್ರಮ. ಅಲ್ಲಿಯ ಮದನಿಕೆಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣರ ಹೆಸರುಗಳು ದೊರೆಯುತ್ತವೆ. ಯಂತ್ರ ಬಂದರೂ ಶಿಲ್ಪಿಯ ಹೆಸರು ಅಳಿಯಲಿಲ್ಲ.

ಕೆಳದಿಯ ಅರಸರ ಕಾಲಕ್ಕೆ ಪರಿಸ್ಥಿತಿ ಬದಲಾಯಿತು. ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನು 16ನೆಯ ಶತಮಾನದಲ್ಲಿ ಗಡಸು ಕಣಶಿಲೆಯಲ್ಲಿ ಕಟ್ಟಿದರು. ಇಲ್ಲಿ ತಿರುಗಣೆಗಿಂತ ಉಳಿ-ಸುತ್ತಿಗೆಗಳೇ ಪ್ರಧಾನ. ಕೆಳದಿಯ ಪಾರ್ವತಿ ಗುಡಿಯ ಚಾವಣಿಯಲ್ಲಂತೂ ಮರದ ಕೆತ್ತನೆಯೇ ಮೆರೆಯುತ್ತದೆ. ಉಪಕರಣದ ಆಯ್ಕೆಯನ್ನು ಕಾಲಕ್ಕಿಂತ ಹೆಚ್ಚಾಗಿ ಕಟ್ಟಡದ ವಸ್ತುವೇ ನಿರ್ಧರಿಸಿತೆಂದು ಇದರಿಂದ ಊಹಿಸಬಹುದು.

ಇಂದಿನ ಯಂತ್ರವು ತಿರುಗಣೆಗಿಂತ ಒಂದು ಮುಖ್ಯ ವಿಷಯದಲ್ಲಿ ಭಿನ್ನವಾಗಿದೆ. ತಿರುಗಣೆ ವೃತ್ತವನ್ನು ಮೀರಲಿಲ್ಲ. ಇದಾದರೋ ಅಲಂಕಾರದ ಕ್ಷೇತ್ರವನ್ನೇ ಹೊಕ್ಕಿದೆ. ಮೂರು ಅಕ್ಷಗಳ ಸಾಮಾನ್ಯ ಯಂತ್ರದ ಕೊರೆಯಲಗು ಮೇಲಿನಿಂದ ಮಾತ್ರ ಇಳಿಯುವುದರಿಂದ, ಎಲೆಯ ಅಡಿಯನ್ನು ಬಿಡಿಸಲಾರದು. ಒಳಮೂಲೆಗಳನ್ನು ಚೂಪಾಗಿ ತೆಗೆಯಲಾರದು. ಅಲ್ಲಿ ಕೈ ಇನ್ನೂ ಅನಿವಾರ್ಯ. ಆದರೆ ಐದು ಅಕ್ಷಗಳ ಯಂತ್ರಗಳು ಈ ಮಿತಿಯನ್ನೂ ಬಹುಮಟ್ಟಿಗೆ ದಾಟಿವೆ. ಆದುದರಿಂದ ಯಂತ್ರದ ಅಸಾಮರ್ಥ್ಯವನ್ನೇ ನಂಬಿ ಕುಶಲಕರ್ಮಿಯ ಸ್ಥಾನವನ್ನು ಕಾಪಾಡಲಾಗದು.

ಆ ಸ್ಥಾನ ಬೇರೊಂದೆಡೆ ಇದೆ. ಮರದ ನಾರು ಓಡುವ ದಿಕ್ಕನ್ನು ನೋಡಿ ಬಳ್ಳಿಯ ಬಾಗನ್ನು ಬದಲಿಸುವ ವಿವೇಕ ಗುಡಿಗಾರನದು; ಯಂತ್ರ ಅನುಸರಿಸುವ ನಮೂನೆಯೂ ಎಂದೋ ಒಬ್ಬನ ಕೈಯಿಂದ ಹುಟ್ಟಿದುದೇ. ಒರಟು ಕೊರೆತವನ್ನು ಯಂತ್ರಕ್ಕೆ ಒಪ್ಪಿಸಿ, ನಮೂನೆಯನ್ನೂ ಕೊನೆಯ ಕೆತ್ತನೆಯನ್ನೂ ಕೈಗೆ ಉಳಿಸಿಕೊಂಡರೆ ಬಳ್ಳಿಗಾವೆಯ ಹಳೆಯ ಕ್ರಮವೇ ಮುಂದುವರಿದಂತಾಗುತ್ತದೆ. ಆದರೆ ನಮೂನೆ ಗಣಕದ ಕಡತವಾಗಿ ಕೈಯಿಂದ ಕೈಗೆ ಸಾಗುವಾಗ, ಅದನ್ನು ಬಿಡಿಸಿದವನ ಹೆಸರೂ ಅದರೊಡನೆ ಸಾಗಬೇಕು. ದಾಸೋಜನಿಗೆ ದೊರೆತ ಮನ್ನಣೆ ಇಂದಿನ ಗುಡಿಗಾರನಿಗೆ ತಪ್ಪಬಾರದು.