ಕೃಪೆ: ವಾಟ್ಸಾಪ್

ಅಂತರ್ಜಾಲದ ನಗೆಗೆ ಹುಟ್ಟುಹಬ್ಬ ಅಂತ ಒಂದು ದಿನ ಗೊತ್ತುಮಾಡುವುದಾದರೆ 1982ರ ಸೆಪ್ಟೆಂಬರ್ 19 ಆಗಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪಂಡಿತರು ಆಗ ಒಂದು ತಲೆಹರಟೆ ಚರ್ಚೆಯಲ್ಲಿದ್ದರು: ಲಿಫ್ಟ್ ಹಗ್ಗ ಕಡಿದು ಬೀಳುವಾಗ ಒಳಗಿರುವ ಉರಿವ ಮೇಣದಬತ್ತಿ, ಪಾದರಸದ ಹನಿ ಏನಾಗುತ್ತವೆ? ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಎಂದು ಯಾರೋ ತಮಾಷೆಗೆ ಬರೆದರೆ ಕೆಲವರು ನಂಬಿಯೇಬಿಟ್ಟರು. ತಮಾಷೆಗೊಂದು ಗುರುತಿರಲಿ ಎಂದು ಸ್ಕಾಟ್ ಫಾಲ್ಮನ್ ಸೂಚಿಸಿದ್ದೇ ಕೋಲನ್, ಅಡ್ಡಗೆರೆ, ಕಂಸ ಸೇರಿದ ಆ ಅಡ್ಡಬಿದ್ದ ನಗುಮುಖ. ಆ ಸಂದೇಶ ಕಳೆದೇಹೋಗಿತ್ತು. 2002ರಲ್ಲಿ ಹಳೇ ಬ್ಯಾಕಪ್ ಟೇಪು ಜಾಲಾಡಿ ಅದನ್ನು ಹೊರತೆಗೆದರು.

ಆ ಕಾಲದ ನಗೆ ಬಲ್ಲವರ ನಗೆ. 1990ರ ಏಪ್ರಿಲ್ 1ರಂದು ಡೇವಿಡ್ ವೈಟ್ಸ್‌ಮನ್, ಅಂತರ್ಜಾಲದ ಮಾಹಿತಿಯನ್ನು ಪಾರಿವಾಳದ ಕಾಲಿಗೆ ಕಟ್ಟಿ ಕಳಿಸುವ ವಿಧಾನವನ್ನು ಗಂಭೀರ ತಾಂತ್ರಿಕ ದಾಖಲೆಯಾಗಿ ಬರೆದರು. 2001ರಲ್ಲಿ ನಾರ್ವೆಯ ಬರ್ಗೆನ್‌ನ ಉತ್ಸಾಹಿಗಳು ಅದನ್ನು ಮಾಡಿಯೇ ತೋರಿಸಿದರು. ಕಳಿಸಿದ್ದು 9 ಪ್ಯಾಕೆಟ್, ಉತ್ತರ ಬಂದದ್ದು 4ಕ್ಕೆ. ಒಂದೊಂದು ಉತ್ತರಕ್ಕೂ ಸುಮಾರು ಗಂಟೆ ಹೊತ್ತು, ಇಲ್ಲವೇ ಅದಕ್ಕೂ ಹೆಚ್ಚು! ಜೋಕನ್ನು ಇಷ್ಟು ಶ್ರದ್ಧೆಯಿಂದ ನಡೆಸಿಕೊಟ್ಟವರು ನನಗೆ ಗೊತ್ತಿದ್ದಂತೆ ಬೇರೆ ಇಲ್ಲ. ಬರೆದವರ ಹೆಸರಂತೂ ದಾಖಲೆಯ ತಲೆಯಲ್ಲೇ ಇದೆ.

2007ರ ಹೊತ್ತಿಗೆ ನಗೆಯೆಂದರೆ ಬೆಕ್ಕಿನ ಫೋಟೊ, ಮೇಲೆ ತಪ್ಪು ಇಂಗ್ಲಿಷಿನ ಒಂದು ಸಾಲು. ಇಲ್ಲಿಂದ ಮುಂದೆ ಜಾಣತನ ಬೇಕಿಲ್ಲ, ಹೆಸರೂ ಬೇಕಿಲ್ಲ.

ಕನ್ನಡದ ನಗೆಗೆ ಅಕ್ಷರವೇ ತೊಡಕಾಗಿತ್ತು. 1998ರಲ್ಲಿ ಬಂದ ‘ಬರಹ’ ತಂತ್ರಾಂಶ ಟೈಪಿಸುವುದನ್ನು ಹಗುರ ಮಾಡಿತು. ಆದರೆ ಓದುವವರ ಬಳಿಯೂ ಅದೇ ಫಾಂಟ್ ಇರಬೇಕಿತ್ತು, ಇಲ್ಲದಿದ್ದರೆ ಪರದೆಯ ಮೇಲೆ ಅರ್ಥವಾಗದ ಗೀಚು. ಹಾಗಾಗಿ ಎಷ್ಟೋ ವರ್ಷ ನಾವು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಜೋಕು ಓದಿ ನಕ್ಕೆವು. ಯೂನಿಕೋಡ್ ಮತ್ತು ಸ್ಮಾರ್ಟ್‌ಫೋನ್ ಕೂಡಿದ ಮೇಲೆ ಕಟ್ಟೆ ಒಡೆಯಿತು, ಟ್ರೋಲ್ ಪೇಜುಗಳು ಹುಟ್ಟಿದವು. ಸಿನಿಮಾ ದೃಶ್ಯಕ್ಕೆ ಬೇರೆ ಮಾತು ಅಂಟಿಸುವುದು ನಿತ್ಯದ ಕಸುಬಾಯಿತು.

ಇದರ ತುತ್ತತುದಿ ‘ನಿಖಿಲ್ ಎಲ್ಲಿದ್ದೀಯಪ್ಪ’. ‘ಜಾಗ್ವಾರ್’ ಚಿತ್ರದ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ವೇದಿಕೆಯಿಂದ ಮಗನನ್ನು ಕರೆದ ಮಾತದು. ವರ್ಷಗಳ ಕಾಲ ಸುಮ್ಮನೆ ಬಿದ್ದಿತ್ತು. 2019ರಲ್ಲಿ ನಿಖಿಲ್ ಮಂಡ್ಯದಿಂದ ಲೋಕಸಭೆಗೆ ನಿಂತಾಗ ಯಾರೋ ಕೆದಕಿ ತೆಗೆದರು. ಆಮೇಲೆ ಮದುವೆಮನೆ, ಕಾಲೇಜು, ಕ್ರಿಕೆಟ್ ಮೈದಾನ, ಎಲ್ಲೆಲ್ಲೂ ಅದೇ ಕೂಗು. ಗಮನಿಸಿ, ಮಾತಿನಲ್ಲಿ ಜೋಕೇ ಇಲ್ಲ. ಅಪ್ಪ ಮಗನನ್ನು ಕರೆದಿದ್ದಾರೆ, ಅಷ್ಟೆ. ನಗೆಯೆಲ್ಲ ಅದನ್ನು ಎತ್ತಿ ಇನ್ನೆಲ್ಲೋ ಇಟ್ಟದ್ದರಲ್ಲಿದೆ. ಮೊದಲು ಎತ್ತಿ ಇಟ್ಟವರ ಹೆಸರು ಕೇಳಿದವರಿಲ್ಲ.

ರಾಶಿಯವರು 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಹೊರಡಿಸಿದಾಗ ನಗೆಗೆ ಒಬ್ಬ ಸಂಪಾದಕರಿದ್ದರು. ಆರ್.ಕೆ. ಲಕ್ಷ್ಮಣ್ ಅವರಂಥವರ ಗೆರೆಗೆ ಅಲ್ಲಿ ಜಾಗವಿತ್ತು. ಇವತ್ತು ಸಂಪಾದಕನ ಕೆಲಸ ನಮ್ಮ ಹೆಬ್ಬೆರಳಿನದು. 2018ರಲ್ಲಿ ವಾಟ್ಸಾಪ್ ಫಾರ್ವರ್ಡ್ ಆದ ಸಂದೇಶಕ್ಕೆ ಚೀಟಿ ಅಂಟಿಸತೊಡಗಿತು, ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಎಂದು ಮಿತಿಯನ್ನೂ ಹಾಕಿತು. ಅದು ವದಂತಿ ತಡೆಯಲು, ಜೋಕಿಗಾಗಿ ಅಲ್ಲ. ಸಂದೇಶ ಕೈದಾಟಿ ಬಂದಿದೆ ಎನ್ನುವ ಆ ಚೀಟಿ, ಯಾರ ಕೈಯಿಂದ ಹೊರಟಿತೆಂದು ಹೇಳುವುದಿಲ್ಲ. ಬೀಚಿಯವರ ನಗೆಬರಹಗಳ ತಿಂಮ ಈಗ ಕುಟುಂಬದ ಗ್ರೂಪುಗಳಿಗೆ ‘ಗುಂಡ’ನೆಂಬ ಹೆಸರಲ್ಲಿ ಬರುತ್ತಾನೆ, ಅಡಿಯಲ್ಲಿ ‘ಕೃಪೆ: ವಾಟ್ಸಾಪ್’ ಎಂಬ ಸಾಲು ಬೇರೆ.