1984ರ ಜೂನ್ ಆಯ್ಕೆ: ಪೋರ್ಟ್‌ಲೆಂಡ್ ವಿವಾದದ ಒಂದು ಸಾಕ್ಷ್ಯವನ್ನು ಕುರಿತು

ಪೋರ್ಟ್‌ಲೆಂಡ್ ಟ್ರೇಲ್ ಬ್ಲೇಜರ್ಸ್ ಬ್ಯಾಸ್ಕೆಟ್‌ಬಾಲ್ ತಂಡವು 1984ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ನಡೆದ ಡ್ರಾಫ್ಟಿನ, ಅಂದರೆ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಸಭೆಯ, ಎರಡನೆಯ ಸರದಿಯಲ್ಲಿ ಗಾರ್ಡ್ ಸ್ಥಾನದ ಮೈಕೇಲ್ ಜಾರ್ಡನ್ನರನ್ನು ಬಿಟ್ಟು ಸೆಂಟರ್ ಸ್ಥಾನದ ಸ್ಯಾಮ್ ಬೋವೀಯವರನ್ನು ಆರಿಸಿಕೊಂಡುದರ ಯುಕ್ತಾಯುಕ್ತತೆಯನ್ನು ಕುರಿತು ಆ ತಂಡದ ಅಭಿಮಾನಿಗಳಲ್ಲಿ ನಡೆದುಬಂದಿರುವ ವಾದವು ನಾಲ್ಕು ದಶಕಗಳನ್ನು ದಾಟಿಯೂ ಶಮನಗೊಂಡಿಲ್ಲ. ಆದರೆ ಇಷ್ಟು ದೀರ್ಘವಾದ ವಾದದಲ್ಲಿ ಸಾಕ್ಷ್ಯಪರೀಕ್ಷೆಯ ಪಾಲು ಇಷ್ಟು ಅಲ್ಪವಾಗಿರುವುದು ವಿಸ್ಮಯವನ್ನುಂಟುಮಾಡುತ್ತದೆ. 2005ರಲ್ಲಿ ಇಎಸ್‌ಪಿಎನ್ ಸಂಸ್ಥೆಯು ಬೋವೀಯವರ ಆಯ್ಕೆಯನ್ನು ಉತ್ತರ ಅಮೆರಿಕದ ವೃತ್ತಿಪರ ಕ್ರೀಡೆಗಳ ಇತಿಹಾಸದಲ್ಲೇ ಅತ್ಯಂತ ಕೆಟ್ಟ ಆಯ್ಕೆಯೆಂದು ಸಾರಿತು. ಪಟ್ಟಿಗಳನ್ನು ಕಟ್ಟುವವರ ತೀರ್ಪನ್ನು ಇತಿಹಾಸದ ತೀರ್ಪೆಂದು ಬಗೆಯುವ ಅಭ್ಯಾಸ ನನಗಿಲ್ಲದುದರಿಂದ ಅದನ್ನು ಉಪೇಕ್ಷಿಸಬಹುದಾಗಿದ್ದಿತು. ಉಪೇಕ್ಷಿಸಲಾಗದುದು 2012ರಲ್ಲಿ ಅದೇ ಸಂಸ್ಥೆ ಪ್ರಸಾರ ಮಾಡಿದ 'ಗೋಯಿಂಗ್ ಬಿಗ್' ಎಂಬ ಸಾಕ್ಷ್ಯಚಿತ್ರದಲ್ಲಿ ಬೋವೀಯವರು ಆಡಿದ ಒಂದು ಮಾತು, ಮತ್ತು ಅದಕ್ಕಿಂತ ಹೆಚ್ಚಾಗಿ, ಆ ಮಾತಿನ ಮೇಲೆ ವ್ಯಾಖ್ಯಾನಕಾರರು ಎಬ್ಬಿಸಿರುವ ಸೌಧ.

ಆ ಮಾತಿನ ತಾತ್ಪರ್ಯ ಇಷ್ಟು: ಡ್ರಾಫ್ಟಿಗೆ ಮುಂಚೆ ಪೋರ್ಟ್‌ಲೆಂಡಿನ ವೈದ್ಯರು ಸುಮಾರು ಏಳು ಗಂಟೆಗಳ ಕಾಲ ನಡೆಸಿದರೆಂದು ಹೇಳಲಾಗುವ ಪರೀಕ್ಷೆಯಲ್ಲಿ ಬೋವೀಯವರ ಎಡಗಾಲಿನ ಕಣಕಾಲೆಲುಬನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಅವರು ನೋವಿಲ್ಲವೆಂದು ಉತ್ತರಿಸಿದರು, ಒಳಗೆ ನೋವಿದ್ದಿತು. ಇದು ಪ್ರಕಟವಾದೊಡನೆ ಅಭಿಮಾನಿವರ್ಗದ ಒಂದು ಪಕ್ಷವು, ಅಂದರೆ ಅಂದಿನ ಆಡಳಿತವನ್ನು ಮೂರು ದಶಕಗಳ ಕಾಲ ಸಮರ್ಥಿಸಿ ಸೋತಿದ್ದ ಪಕ್ಷವು, ತಂಡವು ಮೂರ್ಖತನದಿಂದಲ್ಲ, ವಂಚನೆಯಿಂದ ಕೆಟ್ಟಿತೆಂದು ನಿರ್ಣಯಿಸಿಬಿಟ್ಟಿತು. ಈ ನಿರ್ಣಯವು ತಪ್ಪೆಂಬುದು ನನ್ನ ಪ್ರತಿಪಾದನೆ.

ಮೊದಲನೆಯದಾಗಿ ಸಾಕ್ಷ್ಯದ ಸ್ವರೂಪವನ್ನು ನೋಡಬೇಕು. ಇದು ಇಪ್ಪತ್ತೆಂಟು ವರ್ಷಗಳ ತರುವಾಯ, ಜಗತ್ತಿನ ಪರಿಹಾಸವನ್ನು ಅಷ್ಟೂ ಕಾಲ ಹೊತ್ತ ಮನುಷ್ಯನು ಕ್ಯಾಮೆರಾದ ಮುಂದೆ ಆಡಿದ ಮಾತು. ಹಾಗೆಂದ ಮಾತ್ರಕ್ಕೆ ಇದು ಸುಳ್ಳೆಂದು ನಾನು ಹೇಳುವುದಿಲ್ಲ. ತನಗೇ ಪ್ರತಿಕೂಲವಾಗಿ ನುಡಿಯುವ ಸಾಕ್ಷಿಯನ್ನು ನಂಬಬಹುದೆಂಬುದು ಹಳೆಯ ನಿಯಮವೇ ಸರಿ. ಆದರೆ 1984ರ ವೈದ್ಯರು ನಿರ್ಧಾರವನ್ನು ಯಾವುದರ ಆಧಾರದಿಂದ ಕೈಕೊಂಡರೆಂಬುದನ್ನು ಈ ಮಾತು ಹೇಳುವುದಿಲ್ಲ. ಮುರಿದು ಕೂಡಿದ ಆ ಎಲುಬಿನ ದೆಸೆಯಿಂದ ಬೋವೀಯವರು ಕೆಂಟಕಿ ವಿಶ್ವವಿದ್ಯಾಲಯದಲ್ಲಿ 1981–82 ಮತ್ತು 1982–83ರ ಎರಡು ಋತುಗಳನ್ನು ಪೂರ್ಣವಾಗಿ ಕಳೆದುಕೊಂಡಿದ್ದರೆಂಬುದು ದೇಶಕ್ಕೆಲ್ಲ ತಿಳಿದಿದ್ದ ಸಂಗತಿ. ಏಳು ಗಂಟೆಗಳ ಪರೀಕ್ಷೆಯೇ ಅದಕ್ಕಾಗಿ ಏರ್ಪಟ್ಟಿದ್ದಿತು. ಎಲ್ಲರೂ ಬಲ್ಲ ದೋಷವನ್ನು ಒಂದು ಉತ್ತರದಿಂದ ಮರೆಮಾಡಬಹುದಾಗಿದ್ದಿತೆಂದು ವಾದಿಸುವವರು ಆ ವೈದ್ಯರನ್ನು ರಕ್ಷಿಸಹೊರಟು ಅವಮಾನಿಸುತ್ತಾರೆ.

ಇದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದಿದೆ. ಇದನ್ನು ಇದುವರೆಗಿನ ವಾದಿಗಳು ಏಕೆ ಗಮನಿಸಲಿಲ್ಲವೋ ತಿಳಿಯದು. ಸುತ್ತಿಗೆ ಮುಟ್ಟಿದುದು ಎಡಗಾಲನ್ನು. ಬೋವೀಯವರು ಮೊದಲ ಋತುವಿನಲ್ಲಿ 82 ಪಂದ್ಯಗಳ ಪೈಕಿ 76ನ್ನು ಆಡಿದರು. ಪಂದ್ಯಕ್ಕೆ 10 ಅಂಕಗಳನ್ನೂ 8.6 ರೀಬೌಂಡ್‌ಗಳನ್ನೂ ಗಳಿಸಿ ಹೊಸ ಆಟಗಾರರ ಶ್ರೇಷ್ಠ ತಂಡದಲ್ಲಿ ಸ್ಥಾನ ಪಡೆದರು. ಎರಡನೆಯ ಋತುವಿನಲ್ಲಿ ಎಡಗಾಲು ಕೈಕೊಟ್ಟು 38 ಪಂದ್ಯಗಳಿಗೆ ನಿಂತರೆಂಬುದು ದಿಟ. ಆದರೆ 1986ರ ನವೆಂಬರಿನಲ್ಲಿ, ಮೂರನೆಯ ಋತುವಿನ ಐದನೆಯ ಪಂದ್ಯದಲ್ಲಿ, ಮುರಿದುದು ಬಲಗಾಲು. 1987–88ರ ಋತುವನ್ನು ಪೂರ್ತಿಯಾಗಿ ನುಂಗಿದುದೂ ಅದೇ ಬಲಗಾಲಿನ ಎಲುಬು. ಪೋರ್ಟ್‌ಲೆಂಡಿನಲ್ಲಿ ಅವರ ಆಟವನ್ನು ನಿಜವಾಗಿ ಕೆಡಿಸಿದ ಆಘಾತವು ಸುತ್ತಿಗೆಯ ಸಾಕ್ಷ್ಯಕ್ಕೆ ಹೊರಗಾದುದು. ಅವರು ಅಂದು ನೋವಿದೆಯೆಂದೇ ನುಡಿದಿದ್ದರೂ ಬಲಗಾಲಿನ ವಿಷಯದಲ್ಲಿ ವೈದ್ಯರಿಗೆ ಯಾವ ಜ್ಞಾನವೂ ದೊರೆಯುತ್ತಿರಲಿಲ್ಲ. (ಎಡಗಾಲನ್ನು ಕಾಪಾಡಲು ಬಲಗಾಲಿನ ಮೇಲೆ ಭಾರ ಹೆಚ್ಚಿತೆಂಬ ಊಹೆಯನ್ನು ಕೆಲವರು ಮುಂದೊಡ್ಡಬಹುದು, ಅದು ಊಹೆಯಾಗಿರುವವರೆಗೆ ನಾನು ಅದಕ್ಕೆ ಉತ್ತರ ಹೇಳಬೇಕಾಗಿಲ್ಲ.)

ಇಲ್ಲಿಯೇ ಒಂದು ಗಣನೆಯನ್ನೂ ಓದುಗರ ಮುಂದಿಡುತ್ತೇನೆ. ಜಾರ್ಡನ್ನರು ಶಿಕಾಗೋ ಬುಲ್ಸ್ ತಂಡದಲ್ಲಿ ಮೊದಲ ಋತುವಿನ 82 ಪಂದ್ಯಗಳನ್ನೂ ಆಡಿ, ಪಂದ್ಯಕ್ಕೆ 28.2 ಅಂಕಗಳನ್ನು ಗಳಿಸಿದರು; ಎರಡನೆಯ ಋತುವಿನ ಮೂರನೆಯ ಪಂದ್ಯದಲ್ಲಿಯೇ ಎಡಪಾದದ ಎಲುಬು ಮುರಿದು 18 ಪಂದ್ಯಗಳನ್ನಷ್ಟೇ ಆಡಿದರು. ಕೂಡಿಸಿದರೆ, 1986ರ ವಸಂತದಲ್ಲಿ ಜಾರ್ಡನ್ನರ ಲೆಕ್ಕ 100, ಬೋವೀಯವರದು 114. ಗುಣದಲ್ಲಿ ಇಬ್ಬರನ್ನೂ ಸಮವೆಂದು ಯಾರೂ ಹೇಳರು. ಆ ಏಪ್ರಿಲ್ 20ರಂದು ಬಾಸ್ಟನ್ನಿನಲ್ಲಿ ಜಾರ್ಡನ್ನರು 63 ಅಂಕ ಗಳಿಸಿದ್ದನ್ನು ನಾನೂ ಬಲ್ಲೆ. ಆದರೆ ದೇಹದ ಭಂಗುರತೆಯ ಆಧಾರದಿಂದ ಒಬ್ಬರನ್ನು ವಜ್ರವೆಂದೂ ಇನ್ನೊಬ್ಬರನ್ನು ಗಾಜೆಂದೂ ವಿಂಗಡಿಸುವುದು ಅಂದು ಸಾಧ್ಯವಿರಲಿಲ್ಲ. ಅಭಿಮಾನಿಗಳ ಪರಿತಾಪವು 1984ರಲ್ಲಿಯೇ ಹುಟ್ಟಿತೆಂಬ ಪ್ರತೀತಿಯನ್ನು ಈ ಕಾರಣದಿಂದ ನಾನು ಒಪ್ಪಲಾರೆ. ಅದು ಮೂಡಿದುದು 1986–87ರಲ್ಲಿ, ಬೋವೀಯವರು ಹಾಸಿಗೆಯಲ್ಲಿದ್ದಾಗ ಜಾರ್ಡನ್ನರು ಪಂದ್ಯಕ್ಕೆ 37.1ರಂತೆ ಗಳಿಸುತ್ತಿದ್ದ ಋತುವಿನಲ್ಲಿ ಎಂದು ತರ್ಕಿಸುವುದು ಹೆಚ್ಚು ಯುಕ್ತ.

ಹಾಗಾದರೆ 1984ರಲ್ಲಿ ಪ್ರಶ್ನೆ ಏನಾಗಿದ್ದಿತು? ಎರಡನೆಯ ಸರದಿಯ ಹಕ್ಕು ಪೋರ್ಟ್‌ಲೆಂಡಿಗೆ ಬಂದುದು 1981ರಲ್ಲಿ ಟಾಮ್ ಓವೆನ್ಸ್‌ರನ್ನು ಇಂಡಿಯಾನಾ ತಂಡಕ್ಕೆ ಕೊಟ್ಟ ವಿನಿಮಯದಿಂದ. ಮೊದಲ ಸರದಿಗಾಗಿ ನಡೆದ ನಾಣ್ಯ ಚಿಮ್ಮುವಿಕೆಯಲ್ಲಿ ಹೂಸ್ಟನ್ ಗೆದ್ದು ಅಕೀಮ್ ಒಲಾಜುವಾನರನ್ನು ಪಡೆಯಿತು. ಇವೆಲ್ಲ ಸುಪರಿಚಿತ. ಅಪರಿಚಿತವಲ್ಲದಿದ್ದರೂ ಅನಾದೃತವಾಗಿರುವ ಆಧಾರವೊಂದಿದೆ: ಅದೇ ಜೂನ್ ತಿಂಗಳಲ್ಲಿ, ಡ್ರಾಫ್ಟಿಗೆ ಕೆಲವೇ ದಿನಗಳ ಮುಂಚೆ, ಡೆನ್ವರಿನ ಕೀಕೀ ವ್ಯಾಂಡವೇಯವರನ್ನು ಪಡೆಯಲು ತಂಡವು ಕ್ಯಾಲ್ವಿನ್ ನ್ಯಾಟ್, ಲಫಾಯೆಟ್ ಲೀವರ್ ಮತ್ತು ವೇಯ್ನ್ ಕೂಪರರನ್ನು, ಎರಡು ಡ್ರಾಫ್ಟ್ ಹಕ್ಕುಗಳೊಡನೆ, ಕೊಟ್ಟುಬಿಟ್ಟಿತು. ಕೂಪರರು ಎತ್ತರದವರು ಆಡುವ ಸೆಂಟರ್ ಸ್ಥಾನದ ಆಟಗಾರರು. ಬಾಕಿ ಉಳಿದ ಮೈಕೆಲ್ ಥಾಮ್ಸನ್ನರು ಆ ಸ್ಥಾನವನ್ನು ನಿರ್ವಹಿಸಬಲ್ಲವರಾದರೂ ಅದಕ್ಕಾಗಿ ಹುಟ್ಟಿದವರೆಂದು ಯಾರೂ ಭಾವಿಸಿರಲಿಲ್ಲ. ಅತ್ತ ಗಾರ್ಡ್ ಸ್ಥಾನದಲ್ಲಿ ಜಿಮ್ ಪ್ಯಾಕ್ಸನ್ನರೂ, ಹಿಂದಿನ ವರ್ಷವಷ್ಟೇ ಬಂದಿದ್ದ ಕ್ಲೈಡ್ ಡ್ರೆಕ್ಸ್‌ಲರರೂ ಇದ್ದರು. 1983–84ರಲ್ಲಿ 48 ಪಂದ್ಯಗಳನ್ನು ಗೆದ್ದ ತಂಡವು ತನ್ನ ಸೆಂಟರನ್ನು ತಾನೇ ಮಾರಿದ ಮೇಲೆ, ಅದರ ಜೂನ್ 19ರ ನಿರ್ಧಾರವು ಹತ್ತೊಂಬತ್ತರಂದು ಆದುದಲ್ಲ. ಈ ಎರಡು ಕ್ರಿಯೆಗಳನ್ನು ಬೇರೆ ಬೇರೆ ಪ್ರಕರಣಗಳಾಗಿ ಓದಿದುದೇ ನಮ್ಮ ಪೂರ್ವಸೂರಿಗಳ ಮೂಲದೋಷ. ಪರಿತಪಿಸಲೇಬೇಕೆಂಬ ಅಭಿಮಾನಿಯು ಲೀವರರಿಗಾಗಿ ಪರಿತಪಿಸಲಿ. ಅವರು ಡೆನ್ವರಿನಲ್ಲಿ ಎರಡು ಬಾರಿ ಆಲ್-ಸ್ಟಾರ್ ಆದರು, ಮತ್ತು ಅವರನ್ನು ಕಳೆದುಕೊಂಡುದಕ್ಕೆ ಯಾವ ಎಲುಬೂ ಕಾರಣವಲ್ಲ.

ತಂಡದ ಹಿರಿಯ ಅಧಿಕಾರಿ ಸ್ಟು ಇನ್‌ಮನ್ನರಿಗೆ ಒಲಿಂಪಿಕ್ ತಂಡದ ತರಬೇತುದಾರ ಬಾಬ್ ನೈಟರು ಜಾರ್ಡನ್ನರನ್ನೇ ಆರಿಸಿರೆಂದು ಬೋಧಿಸಿದರೆಂದೂ, ಬೇಕಾದುದು ಸೆಂಟರ್ ಎಂಬ ಉತ್ತರಕ್ಕೆ ಅವನನ್ನೇ ಸೆಂಟರಾಗಿ ಆಡಿಸಿ ಎಂದರೆಂದೂ ಒಂದು ಐತಿಹ್ಯವಿದೆ. ರಸವತ್ತಾದ ಕಥೆ, ಬಾಯಿಂದ ಬಾಯಿಗೆ ಬಂದುದರಿಂದ ಅದರ ಅಂಚು ಹರಿತವಾಗಿರಲಿಕ್ಕೂ ಸಾಕು. ಅದನ್ನು ಇನ್‌ಮನ್ನರ ಅಂಧತ್ವಕ್ಕೆ ನಿದರ್ಶನವಾಗಿ ಉದ್ಧರಿಸುವವರು, ಜಾರ್ಡನ್ನರನ್ನು ಪಡೆದ ಶಿಕಾಗೋ ತಂಡದ ಅಧಿಕಾರಿ ರಾಡ್ ಥಾರ್ನರೇ ಜಾರ್ಡನ್ನರು ಏಳಡಿ ಎತ್ತರವಿಲ್ಲವಲ್ಲಾ ಎಂದು ಪತ್ರಿಕೆಯ ಮುಂದೆ ಪೇಚಾಡಿಕೊಂಡುದನ್ನು ಜೊತೆಯಲ್ಲಿ ಉದ್ಧರಿಸುವುದಿಲ್ಲ. ಬಿಲ್ ವಾಲ್ಟನ್ನರೆಂಬ ಸೆಂಟರನ್ನು ನಂಬಿ 1977ರಲ್ಲಿ ಏಕೈಕ ಪ್ರಶಸ್ತಿಯನ್ನು ಗೆದ್ದ ಜ್ಯಾಕ್ ರ‍್ಯಾಮ್ಸೇಯವರೇ 1984ರಲ್ಲಿಯೂ ತರಬೇತುದಾರರಾಗಿದ್ದರು. ಎತ್ತರದ ಮೋಹವು ಒಂದು ಊರಿನ ವ್ಯಾಧಿಯಾಗಿರಲಿಲ್ಲ, ಯುಗಧರ್ಮವಾಗಿದ್ದಿತು.

2007ರಲ್ಲಿ ಪೋರ್ಟ್‌ಲೆಂಡಿಗೆ ಮೊದಲ ಸರದಿಯೇ ಒದಗಿ, ಗ್ರೆಗ್ ಓಡನ್ನರೋ ಕೆವಿನ್ ಡ್ಯುರಾಂಟರೋ ಎಂದು ಅಭಿಮಾನಿಗಳು ಇಬ್ಭಾಗವಾದಾಗ 1984ನ್ನು ಎರಡೂ ಪಕ್ಷಗಳು ಸಾಕ್ಷಿಗೆ ಕರೆದವು. ಆರಿಸಲ್ಪಟ್ಟ ಓಡನ್ನರು ಮಂಡಿಯ ಶಸ್ತ್ರಚಿಕಿತ್ಸೆಯಿಂದ ಮೊದಲ ಋತುವನ್ನೇ ಕಳೆದುಕೊಂಡು, ಆ ತಂಡಕ್ಕೆ ಒಟ್ಟು 82 ಪಂದ್ಯಗಳನ್ನು ಆಡಿದರು. ಇದರಿಂದ ಹಳೆಯ ಆಯ್ಕೆಯ ದೋಷವು ರುಜುವಾತಾಯಿತೆಂದು ಹೇಳುವುದು, ಇಪ್ಪತ್ತಮೂರು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಅಧಿಕಾರಿಗಳು ಕೈಕೊಂಡ ಎರಡು ನಿರ್ಧಾರಗಳನ್ನು ಒಂದೇ ಜಾತಕದಲ್ಲಿ ಬರೆದಂತೆ. ಈ ತರ್ಕಕ್ಕೆ ಹೆಚ್ಚಿನ ಸ್ಥಳ ಕೊಡಲಾರೆ.

ಲೆಕ್ಕ ಬರೆಯುವುದಾದರೆ ಪೂರ್ತಿ ಬರೆಯಬೇಕು. 1989ರಲ್ಲಿ ತಂಡವು ಬೋವೀಯವರನ್ನು, ಒಂದು ಡ್ರಾಫ್ಟ್ ಹಕ್ಕಿನೊಡನೆ, ನ್ಯೂಜೆರ್ಸಿಗೆ ಕೊಟ್ಟು ಬಕ್ ವಿಲಿಯಮ್ಸರನ್ನು ತಂದಿತು; ಅದೇ ವರ್ಷ ವೇಯ್ನ್ ಕೂಪರರೂ ಹಿಂದಿರುಗಿದರು. ಮರುವರ್ಷವೇ, 1977ರ ಅನಂತರ ಮೊದಲ ಬಾರಿಗೆ, ಪೋರ್ಟ್‌ಲೆಂಡ್ ಫೈನಲ್ ತಲುಪಿತು. 1992ರ ಫೈನಲಿನಲ್ಲಿ ಜಾರ್ಡನ್ನರು ಪೋರ್ಟ್‌ಲೆಂಡಿನ ಎದುರು ಮೊದಲ ಪಂದ್ಯದ ಪೂರ್ವಾರ್ಧದಲ್ಲಿಯೇ 35 ಅಂಕ ಗಳಿಸಿದುದನ್ನು 1984ರ ಆಯ್ಕೆಯನ್ನು ಖಂಡಿಸುವ ಪಕ್ಷವು ನಿರ್ಣಾಯಕ ಪ್ರಮಾಣವೆಂದು ತಪ್ಪದೆ ಎತ್ತಿ ತೋರುತ್ತದೆ. ಆ ಪಂದ್ಯದಲ್ಲಿ ಅವರೆದುರು ಪೋರ್ಟ್‌ಲೆಂಡಿನ ಪವರ್ ಫಾರ್ವರ್ಡ್ ಸ್ಥಾನದಲ್ಲಿ ನಿಂತಿದ್ದ ವಿಲಿಯಮ್ಸರು ಬೋವೀಯವರ ಬದಲಿಗೆ ಬಂದವರೆಂಬುದನ್ನು ಮಾತ್ರ ಹೇಳುವುದಿಲ್ಲ.